ಮುಸುರೆ

ಹೋಟೆಲ್ ರೂಮಿಗೆ ಕಾಲಿಟ್ಟ ಕೂಡಲೇ ಕೆಲವರು ಕಿಟಕಿ ತೆರೆಯುತ್ತಾರೆ, ಕೆಲವರು ಹಾಸಿಗೆಗೆ ಬೀಳುತ್ತಾರೆ. ನಾನು ಕೆಟಲ್ಲಿನ ಮುಚ್ಚಳ ತೆಗೆದು ಮೂಸುತ್ತಿದ್ದೆ. ಎಷ್ಟೋ ಸಲ ತಳದಲ್ಲಿ ಸೀದ ಹಾಲಿನ ವಾಸನೆ ಇರುತ್ತಿತ್ತು. ನಮಗಿಂತ ಮುಂಚೆ ಆ ರೂಮಿನಲ್ಲಿ ಇಳಿದುಕೊಂಡಿದ್ದ ಯಾವಳೋ ತಾಯಿ, ರಾತ್ರಿ ಹಸಿದು ಎದ್ದ ಕೂಸಿಗೆ ಅದರಲ್ಲೇ ಹಾಲು ಕಾಯಿಸಿರುತ್ತಾಳೆ. ಅವಳ ಮೇಲೆ ನನಗೆ ಸಿಟ್ಟು ಬಂದದ್ದಿಲ್ಲ, ಅವಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಅವಳ ಮಗುವಿನ ಹೊಟ್ಟೆ ತಣಿಸಿದ ಆ ಹಾಲಿನ ಕರೆ ನನ್ನ ಮಗಳ ಮೈತುಂಬ ದದ್ದು ಏಳಿಸಲು ಸಾಕಾಗಿತ್ತು. ಹಾಗಾಗಿ ನಮ್ಮ ಕೆಟಲ್ಲನ್ನು ನಾವೇ ಹೊತ್ತುಕೊಂಡು ತಿರುಗುತ್ತಿದ್ದೆವು.

ಕೆಟಲ್ಲೊಂದೇ ಅಲ್ಲ. ನೀಲಿ ಜಿಪ್ಪಿನ ಒಂದು ಚೀಲ ಇತ್ತು, ಮನೆಯಲ್ಲಿ ಅದಕ್ಕೆ ಅಡುಗೆ ಚೀಲ ಅಂತಲೇ ಹೆಸರು. ಒಬ್ಬಳಿಗೆ ಸಾಕಾಗುವಷ್ಟು ಪುಟ್ಟದಾದ ಎಲೆಕ್ಟ್ರಿಕ್ ರೈಸ್ ಕುಕ್ಕರ್, ಒಂದು ಸ್ಟೀಲ್ ತಟ್ಟೆ, ಲೋಟ, ಎರಡು ಚಮಚ, ಪಾತ್ರೆ ಉಜ್ಜುವ ನಾರು, ಒರೆಸಲು ಹಳೇ ಪಂಚೆಯ ಅರ್ಧ. ಒಗ್ಗರಣೆ ಹಾಕಿ ಘಮ್ಮೆನ್ನುವಂತೆ ಹುರಿದಿಟ್ಟ ಅಕ್ಕಿತರಿ, ಅವಲಕ್ಕಿ, ಹುಣಸೆ ಗೊಜ್ಜು, ಬೆಲ್ಲದ ಪುಡಿ, ಹುರಿಗಡಲೆ ಚಟ್ನಿಪುಡಿ, ರಾಗಿ ಹುರಿಹಿಟ್ಟು. ಇದರ ಜೊತೆಗೆ ಬೇರೆ ಡಬ್ಬಿಯಲ್ಲಿ ಔಷಧಿ: ಸಿರಪ್ಪು, ಇನ್ಹೇಲರು, ಅಡ್ರಿನಾಲಿನ್ನಿನ ಎರಡು ಆಂಪ್ಯೂಲು, ಸಿರಿಂಜು, ಎಷ್ಟು ಎಳೆಯಬೇಕು ಎಂದು ಡಾಕ್ಟರು ಗೀಟು ಹಾಕಿ ಬರೆದುಕೊಟ್ಟ ಚೀಟಿ. ತಿಂಡಿಯ ಚೀಲ ಮರೆತರೆ ವಾಪಸ್ ಹೋಗಿ ತರಬಹುದು, ಆ ಡಬ್ಬಿ ಮರೆತರೆ ಊರೇ ಬೇಡ ಎಂದು ಇವರು ಹೇಳುತ್ತಿದ್ದರು.

ಹಾಲು ಆಗದು ಎಂದು ಅನ್ನಪ್ರಾಶನದ ಪಾಯಸದಲ್ಲೇ ಗೊತ್ತಾಗಿತ್ತು. ಬಾಯಿಯ ಸುತ್ತ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದವು. ನಂಜು ಇರಬೇಕು, ಹೋಗುತ್ತೆ ಅಂದರು ಅತ್ತೆ. ಕಡಲೆಕಾಯಿಯದು ಗೊತ್ತಾದದ್ದು 2011ರ ಸಂಕ್ರಾಂತಿಗೆ. ಅವಳಿಗೆ ಎರಡೂವರೆ ವರ್ಷ. ಎಳ್ಳು ಬೀರಲು ಬಂದ ಎದುರುಮನೆ ಹುಡುಗಿ ಪ್ರೀತಿಯಿಂದ ಒಂದು ಚಿಟಿಕೆ ಎಳ್ಳು-ಬೆಲ್ಲ ಬಾಯಿಗೆ ಹಾಕಿದಳು. ಸಕ್ಕರೆ ಅಚ್ಚು ಇನ್ನೂ ಕೈಯಲ್ಲಿತ್ತು, ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಉಸಿರು ಸೀಟಿ ಹೊಡೆಯತೊಡಗಿತು. ಆಟೋದಲ್ಲಿ ಆಸ್ಪತ್ರೆಗೆ ಹೋದ ಆ ಹತ್ತು ನಿಮಿಷದ ಬಗ್ಗೆ ಬರೆಯಲು ಇವತ್ತಿಗೂ ನನಗೆ ಮನಸ್ಸಿಲ್ಲ.

ಆಮೇಲೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಆಯಿತು. ಎಳ್ಳಿನ ತಪ್ಪಿಲ್ಲ, ಕೊಬ್ಬರಿಯ ತಪ್ಪಿಲ್ಲ, ಕಡಲೆಕಾಯಿ ಮತ್ತು ಹಾಲು ಎಂದರು. ಅಲ್ಲಿ ಕಿವಿಗೆ ಬಿದ್ದ ಅನಾಫಿಲ್ಯಾಕ್ಸಿಸ್ ಎಂಬ ಪದದ ಬೆನ್ನು ಹತ್ತಿ ಓದಿಕೊಂಡೆ. 1902ರಲ್ಲಿ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೇ ಎಂಬ ಫ್ರೆಂಚ್ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡುತ್ತಿದ್ದರಂತೆ. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರಗಳ ಮೇಲೆ ತೀರಾ ಸ್ವಲ್ಪ ವಿಷಕ್ಕೆ ನಿಮಿಷಗಳಲ್ಲಿ ಸತ್ತುಹೋಯಿತು. ಅಭ್ಯಾಸವಾದರೆ ಮೈ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೇ ತಲೆಕೆಳಗಾಗಿತ್ತು. ರಿಷೆಗೆ 1913ರಲ್ಲಿ ನೊಬೆಲ್ ಬಂತು. ನನಗೆ ಬಂದದ್ದು ಒಂದು ಪದದ ಮೇಲೆ ಭಯ. ಸ್ವಲ್ಪ ಎಂಬ ಪದ.

ಕನ್ನಡದಲ್ಲಿ ಇಷ್ಟು ಅಕ್ಕರೆಯ ಪದ ಇನ್ನೊಂದಿಲ್ಲ. ಸ್ವಲ್ಪ ಕೂತ್ಕೊಳ್ಳಿ, ಸ್ವಲ್ಪ ತಗೊಳ್ಳಿ, ಸ್ವಲ್ಪ ಅಡ್ಜಸ್ಟ್ ಮಾಡಿ. ಹೋಟೆಲ್ಲಿನಲ್ಲಿ ಕೇಳಿದರೆ ಉತ್ತರವೂ ಅದೇ. "ತುಪ್ಪ ಹಾಕಿದೀರಾ?" "ಸ್ವಲ್ಪಾನೇ ಮೇಡಂ." "ಹಾಲು ಆಗಲ್ಲ ಅಂದೆನಲ್ಲಪ್ಪಾ?" "ತುಪ್ಪದಲ್ಲಿ ಹಾಲೆಲ್ಲಿದೆ ಮೇಡಂ?" ಈ ಪ್ರಶ್ನೆಗೆ ನಗುವುದೋ ಅಳುವುದೋ. ಬೆಣ್ಣೆ ಎಷ್ಟೇ ಕಾಸಿದರೂ ತುಪ್ಪದಲ್ಲಿ ಹಾಲಿನ ಪ್ರೋಟೀನಿನ ಚೂರುಪಾರು ಉಳಿಯುತ್ತದೆ, ಇವಳ ಮೈಗೆ ಆ ಚೂರೇ ಸಾಕು ಎಂದು ಬೆಳಿಗ್ಗೆ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಯಾರಿಗೆ ಬಿಡಿಸಿ ಹೇಳುವುದು?

ಕಡಲೆಕಾಯಿಯ ತೊಂದರೆ ಹೆಸರಿನಲ್ಲೇ ಶುರುವಾಗುತ್ತದೆ. ಕಡ್ಲೆ ಹಾಕಿದೀರಾ ಎಂದರೆ ಹಾಕಿದೀವಿ ಅನ್ನುತ್ತಾರೆ, ನೋಡಿದರೆ ಅದು ಚಟ್ನಿಯ ಹುರಿಗಡಲೆ, ಇವಳಿಗೆ ಅದರಿಂದ ಏನೂ ಆಗದು. ಕಡ್ಲೆಬೀಜ ಇಲ್ಲ ಅಂದರೆಂದು ನಂಬಿ ಕೂತರೆ ಹುಬ್ಬಳ್ಳಿಯ ಕಡೆ ಅದು ಶೇಂಗಾ, ಮಂಗಳೂರಿನ ಕಡೆ ನೆಲಗಡಲೆ. ನಾನು ಒಂದು ಹಿಡಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಸೀಲ್ ಮಾಡಿದ ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟುಕೊಂಡು, ಪೊಲೀಸರು ಕಳ್ಳನ ಫೋಟೋ ತೋರಿಸುವ ಹಾಗೆ ಅಡುಗೆಮನೆಯ ಬಾಗಿಲಲ್ಲಿ ತೋರಿಸುತ್ತಿದ್ದೆ. ನಮ್ಮ ಮನೆ ಬಸವನಗುಡಿಯ ಹತ್ತಿರ. ಕಾರ್ತೀಕದ ಕೊನೆಯ ಸೋಮವಾರ ಪರಿಷೆಗೆಂದು ಊರೂರಿನಿಂದ ಕಡಲೆಕಾಯಿ ಬಂದು ಬೀದಿಯಲ್ಲಿ ರಾಶಿ ಬೀಳುವ ಹೊತ್ತಿಗೆ ನಾವು ಮಗಳನ್ನು ಕರೆದುಕೊಂಡು ಊರು ಬಿಡುತ್ತಿದ್ದೆವು. ಹಾಗೆ ಊರು ಬಿಟ್ಟು ಹೋಟೆಲ್ ಸೇರುವುದು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಎಂದು ಮೊದಲ ವರ್ಷವೇ ತಿಳಿಯಿತು.

ಈ ಹೊತ್ತಿನಲ್ಲೇ ನನಗೆ ನಮ್ಮಜ್ಜಿ ನೆನಪಾಗತೊಡಗಿದ್ದು.

ಅಜ್ಜಿಯ ಅಡುಗೆಮನೆ ಒಂದು ದೇಶ, ಅದಕ್ಕೆ ಅವಳದೇ ಕಾನೂನು. ಅನ್ನ ಮುಟ್ಟಿದ ಕೈ ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ. ಅನ್ನದ ಸೌಟು ಹಾಲಿನ ಪಾತ್ರೆಯ ಹತ್ತಿರ ಸುಳಿಯುವಂತಿಲ್ಲ. ಬೇಯಿಸಿದ್ದು ತಾಗಿದ ನೆಲವನ್ನು ಒರೆಸದೆ ಇನ್ನೊಂದು ಇಡುವಂತಿಲ್ಲ. ಅದೆಲ್ಲ ಮುಸುರೆ. ಕಾಶಿಗೆ ಹೋದಾಗ ರೈಲಿನಲ್ಲಿ ಸೀಮೆಎಣ್ಣೆ ಸ್ಟವ್ವು, ಅಕ್ಕಿ ಬೇಳೆ ಗಂಟು ಕಟ್ಟಿಕೊಂಡು ಹೋಗಿ, ಛತ್ರದಲ್ಲಿ ತಾನೇ ಬೇಯಿಸಿಕೊಂಡು ಉಂಡು ಬಂದವಳು. ಕಾಲೇಜು ಸೇರಿದ ಮೇಲೆ ನಾನು ಅವಳನ್ನು ಗೇಲಿ ಮಾಡುತ್ತಿದ್ದೆ, ಮುಸುರೆ ಏನು ಬ್ಯಾಕ್ಟೀರಿಯಾನಾ ಅಜ್ಜಿ ಎಂದು. ಅವಳ ಮಡಿಯಲ್ಲಿ ಮನುಷ್ಯರನ್ನೂ ಹೊಸ್ತಿಲಾಚೆ ನಿಲ್ಲಿಸುವ ಭಾಗವೊಂದಿತ್ತು. ಅದನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಬೆಣ್ಣೆ ಸವರಿದ ಚಾಕು ಜಾಮಿನ ಬಾಟಲಿಗೆ ಹೋದರೆ ಆ ಬಾಟಲಿ ಇವಳ ಪಾಲಿಗೆ ಕೆಟ್ಟ ಹಾಗೆ, ತುಪ್ಪದ ದೋಸೆ ಎಬ್ಬಿಸಿದ ಕಾವಲಿಯಲ್ಲಿ ಇವಳ ದೋಸೆ ಹುಯ್ಯಬಾರದು, ಒಂದೇ ಸೌಟು ಎರಡು ಪಾತ್ರೆಗೆ ಹೋಗಬಾರದು ಎಂದು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದಾಗ ನನ್ನ ತಲೆಯಲ್ಲಿ ಒಂದೇ ಪದ ಓಡುತ್ತಿತ್ತು. ಮುಸುರೆ. ಅಜ್ಜಿ ತೀರಿಹೋಗಿ ಆರು ವರ್ಷವಾಗಿತ್ತು, ಇಲ್ಲದಿದ್ದರೆ ಫೋನ್ ಮಾಡಿ ಕ್ಷಮೆ ಕೇಳುತ್ತಿದ್ದೆ. ಕೇಳಿದ್ದರೆ ಅವಳು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗೆ ನಾನು ಹೋಟೆಲ್ ರೂಮಿನಲ್ಲಿ ಮಡಿ ಹೆಂಗಸಾದೆ. ಬೆಳಿಗ್ಗೆ ಐದೂವರೆಗೆ ಎದ್ದು, ಟೀವಿಯ ಮುಂದಿನ ಮೇಜನ್ನು ಸೋಪುನೀರಿನಲ್ಲಿ ಒರೆಸಿ, ಪೇಪರು ಹಾಸಿ, ಕೈ ತೊಳೆದು ಶುರು. ಕುಕ್ಕರಿನಲ್ಲಿ ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು. ಆವಿಗೆ ಹೊಗೆಯ ಅಲಾರಂ ಕೂಗಿಕೊಂಡೀತೆಂದು ಕುಕ್ಕರನ್ನು ಬಾತ್‌ರೂಮಿನ ಬಾಗಿಲಿಗೆ ಎಳೆದುಕೊಂಡು, ಎಕ್ಸಾಸ್ಟ್ ಫ್ಯಾನ್ ಹಾಕಿ ಬೇಯಿಸುತ್ತಿದ್ದೆ. ಒಮ್ಮೆ ಇಂಡಕ್ಷನ್ ಒಲೆ ಒಯ್ದು ಇಡೀ ಮಹಡಿಯ ಕರೆಂಟು ತೆಗೆದದ್ದಾಯಿತು. ಅಂದಿನಿಂದ ಆ ಒಲೆ ಮನೆಯಲ್ಲೇ ಉಳಿಯಿತು. ಕೆಟಲ್ಲಿನಲ್ಲಿ ಬೇಯಿಸಲು ಆಗುವುದಿಲ್ಲ, ನೀರು ಕುದಿ ಬಂದು ಆವಿ ತಾಗಿದ ಕೂಡಲೇ ಅದು ತಾನಾಗಿ ಆಫ್ ಆಗಿಬಿಡುತ್ತದೆ. ಅದಕ್ಕೇ ಬೇಯಿಸದೆ ಆಗುವ ತಿಂಡಿಗಳೇ ನಮ್ಮನ್ನು ಕಾಪಾಡಿದ್ದು. ಅವಲಕ್ಕಿಗೆ ಬಿಸಿನೀರು ಚಿಮುಕಿಸಿ ಮುಚ್ಚಿಟ್ಟು, ಗೊಜ್ಜು ಕಲಸಿದರೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡದು ಹುರಿಹಿಟ್ಟು. ರಾಗಿಯನ್ನು ನೀರು ಚಿಮುಕಿಸಿ ನೆನೆಸಿ, ಆರಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು, ಹಾಗಾಗಿ ಅದು ಮೊದಲೇ ಬೆಂದಿರುತ್ತದೆ. ಬಿಸಿನೀರು, ಬೆಲ್ಲ, ಒಂದಿಷ್ಟು ಕಾಯಿತುರಿ ಹಾಕಿ ಉಂಡೆ ಕಟ್ಟಿದರೆ ಹೊಟ್ಟೆ ಮಧ್ಯಾಹ್ನದವರೆಗೆ ಕೇಳುವುದಿಲ್ಲ. ಒಲೆ ಇಲ್ಲದ ಕಡೆಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಮಕ್ಕಳ ಪೌಷ್ಟಿಕ ಪುಡಿಯೆಂದು ಅಂಗಡಿಯಲ್ಲಿ ಸಿಗುವ ಡಬ್ಬಿಗಳನ್ನು ತಿರುಗಿಸಿ ಓದಿದರೆ ಹಾಲಿನ ಪುಡಿ ಇಲ್ಲದ್ದು ಸಿಕ್ಕುವುದೇ ಕಷ್ಟ.

ಅಷ್ಟಾದ ಮೇಲೆ ಆ ತಿಂಡಿಯನ್ನು ತಟ್ಟೆಯಲ್ಲಿಟ್ಟು ಕೆಳಗಿನ ಊಟದ ಕೋಣೆಗೆ ಒಯ್ಯಬೇಕು. ರೂಮಿನಲ್ಲಿ ಒಬ್ಬಳನ್ನೇ ಕೂರಿಸಿ ತಿನ್ನಿಸಲು ನನಗೆ ಇಷ್ಟವಿರಲಿಲ್ಲ. ಎಲ್ಲರೂ ಕೂತು ತಿನ್ನುವ ಕಡೆ ಅವಳೂ ಕೂರಲಿ. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡಿನ ಕೆಳಗೆ ನಿಂತ ಮ್ಯಾನೇಜರಿಗೆ ಡಾಕ್ಟರ ಪತ್ರ ತೋರಿಸುತ್ತಿದ್ದೆ. ಒಬ್ಬರು ಕನಿಕರದಿಂದ ಕೇಳಿದರು, "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ಶುಗರ್ರಾ?" ಇನ್ನೊಬ್ಬರು ಗ್ಯಾಸ್ಟ್ರಿಕ್ಕಿಗೆ ಜೀರಿಗೆ ನೀರು ಒಳ್ಳೆಯದೆಂದು ಹೇಳಿಕೊಟ್ಟರು. ಬಫೆ ಎಂಬುದು ನನ್ನ ಲೆಕ್ಕದಲ್ಲಿ ಅತಿ ಅಪಾಯದ ಜಾಗ. ಪೊಂಗಲ್ಲಿನ ಸೌಟು ಉಪ್ಪಿಟ್ಟಿಗೆ, ಉಪ್ಪಿಟ್ಟಿನದು ಚಟ್ನಿಗೆ, ಯಾರ ಕೈಯೂ ತಡೆಯುವುದಿಲ್ಲ. ಅಜ್ಜಿ ಅದನ್ನು ನೋಡಿದ್ದರೆ ಬಾಗಿಲಲ್ಲೇ ಮೂರ್ಛೆ ಹೋಗುತ್ತಿದ್ದಳು.

ಎಲ್ಲ ಕಡೆಯೂ ಹೀಗೆಂದಲ್ಲ. ಇಡ್ಲಿ ಬಹುಮಟ್ಟಿಗೆ ನಂಬಿಗಸ್ತ, ಅಕ್ಕಿ, ಉದ್ದು, ಆವಿ. ತಟ್ಟೆಗೆ ಸವರಿದ್ದು ಎಣ್ಣೆಯೋ ತುಪ್ಪವೋ ಎಂದೊಂದು ಕೇಳಿಕೊಂಡರೆ ಆಯಿತು. ರವೆ ಇಡ್ಲಿ ಮಾತ್ರ ಮೊಸರಿನದು. ಕರಾವಳಿ ನನಗೆ ತವರಿನಂತೆ ಕಂಡಿತು. ನೀರುದೋಸೆಗೆ ಅಕ್ಕಿ, ನೀರು, ಉಪ್ಪು. ಕಾವಲಿಗೆ ತೆಂಗಿನೆಣ್ಣೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬಂತೂ ತನ್ನ ಪಾತ್ರೆಯನ್ನು ತಾನೇ ತಂದುಕೊಂಡ ತಿಂಡಿ, ಯಾವ ಮುಸುರೆಯ ಭಯವೂ ಇಲ್ಲ. ಉಡುಪಿಯ ಒಂದು ಬೆಳಿಗ್ಗೆ ಅವಳು ನಾಲ್ಕು ಕಡುಬು ತಿಂದು, "ಅಮ್ಮ, ಇಲ್ಲೇ ಇರೋಣ" ಅಂದಳು. ಆಗ ಅವಳಿಗೆ ನಾಲ್ಕು.

ಬಯಲುಸೀಮೆಯತ್ತ ಹೊರಟರೆ ನಾಡೇ ಒಟ್ಟಾಗಿ ನಮ್ಮ ವಿರುದ್ಧ ಸಂಚು ಹೂಡಿದೆಯೇನೋ ಅನ್ನಿಸುತ್ತಿತ್ತು. ದಾವಣಗೆರೆಯಲ್ಲಿ ಬೆಣ್ಣೆ, ಅಲ್ಲಿಂದ ಮುಂದೆ ಶೇಂಗಾ. ಅವಲಕ್ಕಿಯಲ್ಲಿ ಶೇಂಗಾ, ಸುಸಲಾದಲ್ಲಿ ಶೇಂಗಾ, ಎಣ್ಣೆಗಾಯಿಯಲ್ಲಿ ಶೇಂಗಾ, ಕೊನೆಗೆ ತಟ್ಟೆಯ ತುದಿಯಲ್ಲಿ ಕೇಳದೆಯೇ ಬಡಿಸುವ ಶೇಂಗಾ ಹಿಂಡಿ. ಆದರೆ ಇವರಿಗೆ ಬಾದಾಮಿ ಐಹೊಳೆ ಪಟ್ಟದಕಲ್ಲು ತೋರಿಸುವ ಹಟ.

2013ರ ದಸರಾ ರಜೆಯಲ್ಲಿ ಆ ದಾರಿಯ ಒಂದು ಊರಿನಲ್ಲಿ ತಂಗಿದ್ದೆವು. ಹಿಂದಿನ ದಿನ ತಡವಾಗಿ ಬಂದು ನಾನು ಏಳುವುದು ತಡವಾಯಿತು. ಕೆಳಗಿನ ಹೋಟೆಲ್ಲಿನ ಅಡುಗೆಯವರು ಒಳ್ಳೆಯ ಮನುಷ್ಯ, ನನ್ನ ಮಾತನ್ನೆಲ್ಲ ಕೇಳಿಕೊಂಡು ತಲೆದೂಗಿದರು. ಶೇಂಗಾ ಇಲ್ಲದ ಅವಲಕ್ಕಿ ಬಂತು. ಎಣ್ಣೆ ಕೇಳಿದೆ, ಸೂರ್ಯಕಾಂತಿ ಅಂದರು. ನಾನೂ ಒಂದು ಚಮಚ ರುಚಿ ನೋಡಿದೆ. ಮಗಳು ಮೂರನೇ ತುತ್ತಿಗೆ ನಾಲಿಗೆ ತುರಿಸುತ್ತೆ ಅಂದಳು. ತುಟಿಯ ಅಂಚು ಬಿಳುಚಿಕೊಂಡು ಊದಿದ್ದು ನೋಡಿ ಇವರು ಡಬ್ಬಿ ತೆಗೆದರು. ತೊಡೆಗೆ ಸೂಜಿ ಚುಚ್ಚಿದ್ದು ನಾನು. ಕೈ ನಡುಗಲಿಲ್ಲ, ನಡುಕ ಬಂದದ್ದು ಆಸ್ಪತ್ರೆಯಲ್ಲಿ ಅವಳು ಸರಿಯಾಗಿ ಉಸಿರಾಡಿ ನಿದ್ದೆ ಹೋದ ಮೇಲೆ. ಸಂಜೆ ಅಡುಗೆಯವರು ಆಸ್ಪತ್ರೆಗೇ ಬಂದರು. ಮುಖ ಬಾಡಿಹೋಗಿತ್ತು. "ಅಕ್ಕಾರ, ಒಂದ ಒಂದು ಕಾಳು ಇದ್ದಿಲ್ರಿ. ನಾನ ಕೈಯಾರೆ ಆರಿಸಿ ತಗದೀನಿ" ಅಂದರು.

ಶೇಂಗಾ ಹಾಕಿ ಕಲಸಿದ್ದ ಅವಲಕ್ಕಿಯಿಂದ ಒಂದೊಂದೇ ಕಾಳು ಹೆಕ್ಕಿ ತೆಗೆದು ಮಗುವಿಗೆಂದು ಕಳಿಸಿದ್ದರು. ಆ ನೂಕುನುಗ್ಗಲಿನಲ್ಲಿ ಅಷ್ಟು ಹೊತ್ತು ಕೂತು ಆರಿಸಿದ್ದರಲ್ಲ, ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅವರನ್ನು ಬೈಯಲು ಬಾಯಿ ಬರಲಿಲ್ಲ. ಅಲರ್ಜಿ ಎಂದು ನಾನು ಹೇಳಿದ್ದು ಅವರ ಕಿವಿಗೆ ತಿನ್ನಬಾರದು ಎಂದಷ್ಟೇ ಕೇಳಿಸಿತ್ತು, ತಾಗಬಾರದು ಎಂದು ಕೇಳಿಸಿರಲಿಲ್ಲ. ತಾಗಬಾರದು ಎಂಬುದನ್ನು ನಮ್ಮ ಜನ ಯಾವ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಉತ್ತರ ನಮ್ಮಜ್ಜಿಗೆ ಗೊತ್ತಿತ್ತು.

ಮರುವರ್ಷ ಅದೇ ರಜೆಯಲ್ಲಿ ಬಾದಾಮಿ. ಊರಿನಲ್ಲೊಂದು ಖಾನಾವಳಿ. ನಡೆಸುತ್ತಿದ್ದವರು ಅರವತ್ತರ ಆಸುಪಾಸಿನ ಅಮ್ಮ, ಬೆಳಿಗ್ಗೆಯೇ ರೊಟ್ಟಿ ಬಡಿಯುತ್ತ ಕೂತಿದ್ದರು. ಜೋಳದ ರೊಟ್ಟಿಯಲ್ಲಿ ಏನಿದೆ, ಜೋಳದ ಹಿಟ್ಟು, ಕುದಿವ ನೀರು, ಮೇಲೆ ಸವರುವ ಒದ್ದೆ ಬಟ್ಟೆ. ಈ ಲೋಕದಲ್ಲಿ ನನ್ನ ಮಗಳಿಗೆಂದೇ ಯಾರೋ ಕಂಡುಹಿಡಿದಂತಿರುವ ತಿಂಡಿ. ಭಯವೆಲ್ಲ ಹಂಚಿನದು, ಕೈಯದು, ಪಕ್ಕದ ಹಿಂಡಿಯ ಬಟ್ಟಲಿನದು. ನಾನು ಬಾಯಿ ತೆರೆದೆ, ಡಾಕ್ಟರ ಪತ್ರ ಚೀಲದಲ್ಲೇ ಉಳಿಯಿತು.

"ಅಮ್ಮಾ, ಈ ಮಗು ಶೇಂಗಾ, ಹಾಲು, ಮೊಸರು, ತುಪ್ಪ ದೇವರಿಗೆ ಬಿಟ್ಟಿದೆ. ಹರಕೆ. ತಾಗಿದ್ದು ಕೂಡ ಆಗಲ್ಲ."

ಬಡಿಯುವ ಕೈ ನಿಂತಿತು. "ಯಾವ ದೇವರಿಗೆ ಬಿಟ್ಟೀರಿ?"

"ಬನಶಂಕರಿಗೆ." ಎರಡು ಹರದಾರಿಯೊಳಗೆ ಇದ್ದ ದೇವಿಯ ಹೆಸರೇ ಬಾಯಿಗೆ ಬಂತು.

"ಎಷ್ಟು ವರ್ಷದ್ದು?"

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. "ತಾಯಿ ಸಾಕು ಅನ್ನೋವರೆಗೂ" ಅಂದೆ.

ಆಕೆ ಎದ್ದರು. ಕೈಯನ್ನು ಮೊಣಕೈವರೆಗೆ ತೊಳೆದರು. ಒಳಗಿನಿಂದ ಬೇರೆ ಹಂಚು ತಂದು, ಬೂದಿ ಹಾಕಿ ತಿಕ್ಕಿ, ಬೇರೆ ಒಲೆಯ ಮೇಲಿಟ್ಟರು. ಹಿಟ್ಟು ಬೇರೆ ಡಬ್ಬಿಯಿಂದ. ಶೇಂಗಾ ಹಿಂಡಿಯ ಬಟ್ಟಲನ್ನು ಕೆಲಸದ ಹುಡುಗಿಗೆ ಹೇಳಿ ಆಚೆ ಕೋಣೆಗೆ ಸಾಗಿಸಿದರು. ಅವಳು ಆ ಕೈಯಲ್ಲೇ ತಟ್ಟೆ ಎತ್ತಲು ಬಂದಾಗ, "ಮುಟ್ಟಬ್ಯಾಡ, ದೇವರ ಕೂಸಿನದು" ಎಂದು ಗದರಿದರು. ಮೂರು ವರ್ಷದಿಂದ ಪತ್ರ ಹಿಡಿದು, ಪೊಟ್ಟಣ ತೋರಿಸಿ, ಕಣ್ಣೀರು ಹಾಕಿ ಸಾಧಿಸಲಾಗದ್ದು ಒಂದು ಸುಳ್ಳಿನಿಂದ ನಡೆದುಹೋಗಿತ್ತು. ಬಿಸಿ ರೊಟ್ಟಿಗೆ ಕುಸುಬಿ ಎಣ್ಣೆ ಸವರಿ, ಬೆಲ್ಲ ಸುತ್ತಿ ಕೊಟ್ಟರು. ಮಗಳು ಎರಡು ತಿಂದಳು.

ಹೊರಗೆ ಬಂದ ಮೇಲೆ ಇವರು ಮುಖ ಗಂಟು ಹಾಕಿಕೊಂಡಿದ್ದರು. "ಸುಳ್ಳು ಹೇಳೋದನ್ನ ಕಲಿಸ್ತಿದೀಯ ಅವಳಿಗೆ. ನಾಳೆ ಯಾರಾದ್ರೂ, ಹರಕೆ ತಾನೇ, ತಪ್ಪಾಯ್ತು ಅಂತ ಒಂದು ಕಾಯಿ ಒಡೆದರಾಯ್ತು ಅಂದ್ರೆ?" ಅವರ ಮಾತು ಸುಳ್ಳಲ್ಲ. ಹರಕೆ ಮುರಿದರೆ ಪ್ರಾಯಶ್ಚಿತ್ತ ಇದೆ, ಇದಕ್ಕೆ ಇಲ್ಲ. ಕಾಶಿಯಲ್ಲಿ ಅಜ್ಜಿ ತನಗೆ ಪ್ರಾಣವಾಗಿದ್ದ ಹಲಸಿನ ಹಣ್ಣು ಬಿಟ್ಟು ಬಂದಳು, ತಾತ ಮೊದಲಿನಿಂದಲೂ ಸೇರದ ಹಾಗಲಕಾಯಿ ಬಿಟ್ಟ. ಎರಡಕ್ಕೂ ಊರು ಒಂದೇ ಮರ್ಯಾದೆ ಕೊಟ್ಟಿತು. ನಾನು ಆ ಮರ್ಯಾದೆಯನ್ನು ಸ್ವಲ್ಪ ಸಾಲ ತೆಗೆದುಕೊಂಡೆ, ಅಷ್ಟೆ. ಆಮೇಲಿನ ವರ್ಷಗಳಲ್ಲಿ ಎರಡನ್ನೂ ಹೇಳತೊಡಗಿದೆ: ಹರಕೆ, ಅದನ್ನು ಮುರಿದರೆ ಆಸ್ಪತ್ರೆ. ಮಗಳು ಒಮ್ಮೆ ಕೇಳಿದಳು, "ಅಮ್ಮ, ನಾನು ದಿನಾ ಮಡೀಲಿ ಇದೀನಾ?" ಏನು ಹೇಳಿದೆನೋ ನೆನಪಿಲ್ಲ.

2017ರಲ್ಲಿ ನಾದಿನಿಯ ಮನೆಗೆಂದು ಲಂಡನ್ನಿಗೆ ಹೋದಾಗ ಹೋಟೆಲ್ಲೊಂದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಒಂದು ಫೈಲು ತಂದಿಟ್ಟಳು. ಹಾಲು, ಮೊಟ್ಟೆ, ಕಡಲೆಕಾಯಿ, ಎಳ್ಳು, ಸಾಸಿವೆ ಎಂದು ಹದಿನಾಲ್ಕು ಕಂಬಸಾಲು, ಪ್ರತಿ ತಿಂಡಿಯ ಮುಂದೆ ಗುರುತು. 2014ರ ಡಿಸೆಂಬರಿನಿಂದ ಯುರೋಪಿನ ಕಾನೂನೇ ಹಾಗಂತೆ. ಆ ಫೈಲಿನ ಮೇಲೆ ಕೈಯಿಟ್ಟು ನಾನು ಎರಡು ನಿಮಿಷ ಸುಮ್ಮನೆ ಕೂತೆ. ಆದರೂ ಕೊನೆಗೆ ಅವಳು, ಒಂದೇ ಅಡುಗೆಮನೆಯಾದ್ದರಿಂದ ಖಾತ್ರಿ ಕೊಡಲಾರೆ ಅಂದಳು. ಮರುದಿನವೂ ಹುರಿಹಿಟ್ಟೇ. ನಮ್ಮಲ್ಲೂ 2020ರ ನಿಯಮದಲ್ಲಿ ಪೊಟ್ಟಣದ ಮೇಲೆ ಹಾಲು, ಕಡಲೆಕಾಯಿಯಂಥವನ್ನು ಬೇರೆಯಾಗಿ ನಮೂದಿಸಬೇಕೆಂದು ಬಂತು. ಅಂಗಡಿಯಲ್ಲಿ ಅದು ನೆರವಾಗುತ್ತದೆ, ಹಂಚಿನ ಮುಂದೆ ನಿಂತವರಿಗೆ ಅಲ್ಲ.

ಹಾಲಿನ ಗಂಟು ನಿಧಾನಕ್ಕೆ ಬಿಚ್ಚಿಕೊಂಡಿತು. ಬಹಳ ಮಕ್ಕಳಲ್ಲಿ ಅದು ವಯಸ್ಸಾದಂತೆ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಯಲ್ಲೇ ಕೂರಿಸಿ, ಹಾಲು ಹಾಕಿ ಚೆನ್ನಾಗಿ ಬೇಯಿಸಿದ ಬಿಸ್ಕತ್ತಿನ ಚೂರಿನಿಂದ ಶುರುಮಾಡಿ, ಕೇಕು, ಆಮೇಲೆ ಮೊಸರು, ಕೊನೆಗೆ ಹಾಲು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದರು. 2018ರ ಹೊತ್ತಿಗೆ ಅವಳು ಒಂದು ಲೋಟ ಹಾಲು ಕುಡಿದು, ಇಷ್ಟು ವರ್ಷ ಇದಕ್ಕಾ ಹೆದರಿದ್ದು ಎಂದು ಮೂಗು ಮುರಿದಳು. ಹಾಲು ಅವಳಿಗೆ ಇವತ್ತಿಗೂ ಸೇರದು, ಮೊಸರಿಗೆ ಮಾತ್ರ ಪ್ರಾಣ ಬಿಡುತ್ತಾಳೆ. ಕಡಲೆಕಾಯಿ ಹಾಗೇ ಉಳಿಯಿತು. ಅದನ್ನು ಮೀರುವವರು ಐವರಲ್ಲಿ ಒಬ್ಬರು.

2023ರ ಅಕ್ಟೋಬರಿನಲ್ಲಿ ಮತ್ತೆ ಬಾದಾಮಿಗೆ ಹೋದೆವು. ಹದಿನೈದು ವರ್ಷದವಳು, ನನಗಿಂತ ಎರಡು ಇಂಚು ಎತ್ತರ. ಔಷಧಿ ಡಬ್ಬಿ ಈಗ ಅವಳ ಬೆನ್ನುಚೀಲದಲ್ಲೇ ಇರುತ್ತದೆ, ಹೋಟೆಲ್ಲಿನಲ್ಲಿ ಕೇಳುವುದೂ ಅವಳೇ, ನನ್ನಂತೆ ಸುತ್ತಿ ಬಳಸಿ ಅಲ್ಲ. ಖಾನಾವಳಿ ಅಲ್ಲೇ ಇತ್ತು. ಅಮ್ಮ ಬಾಗಿಹೋಗಿದ್ದರು, ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟು ಗೋಡೆಗೆ ಒರಗಿ ಕೂತಿದ್ದರು. ನಾನು ಗುರುತು ಹೇಳಿಕೊಳ್ಳುವ ಮೊದಲೇ ಮಗಳು ಮುಂದೆ ಹೋಗಿ, ನನಗೆ ಶೇಂಗಾ ತಾಗಿದ್ದೂ ಆಗಲ್ಲ, ಹಂಚು ತೊಳೆದು ಕೊಡ್ತೀರಾ ಎಂದು ಕೇಳಿದಳು. ಆಕೆ ಅವಳನ್ನು ದಿಟ್ಟಿಸಿದರು. ಆಮೇಲೆ ನನ್ನನ್ನು.

"ಬನಶಂಕರಿಗೆ ಬಿಟ್ಟ ಕೂಸಲ್ಲೇನವಾ ನೀ? ಹರಕಿ ಇನ್ನೂ ಮುಗೀಲಿಲ್ಲೇನು?"

ನನ್ನ ಮುಖ ಬಿಸಿಯಾಯಿತು. ಇವರು ಕಿಟಕಿಯಾಚೆ ನೋಡತೊಡಗಿದರು. ಮಗಳು ಒಂದು ಗಳಿಗೆ ನನ್ನತ್ತ ತಿರುಗಿ, ಮತ್ತೆ ಆಕೆಯ ಕಡೆ ಬಾಗಿ ಹೇಳಿದಳು.

"ಅರ್ಧ ಮುಗಿದಿದೆ ಅಜ್ಜಿ. ಹಾಲು ಮೊಸರು ಬಿಟ್ಟುಕೊಟ್ಟಳು. ಶೇಂಗಾ ಇನ್ನೂ ಅವಳ ಹತ್ತಿರಾನೇ ಇದೆ."

"ಇರಲಿ ಬಿಡು, ಆಕೀಗೂ ಬೇಕಲ್ಲ" ಅಂದರು ಆಕೆ. ಗೋಡೆ ಹಿಡಿದು ಎದ್ದು, ಕೈ ತೊಳೆದುಕೊಂಡು, ಗಡಿಗೆಯಿಂದ ಗಟ್ಟಿ ಮೊಸರನ್ನು ತಾವೇ ತೆಗೆದು ಅವಳ ಬಟ್ಟಲಿಗೆ ಹಾಕಿದರು. ಸೌಟನ್ನು ಹಾಕುವ ಮೊದಲು ಒಮ್ಮೆ ಸೊಸೆಗೆ ತೋರಿಸಿ ಕೇಳಿಕೊಂಡರು, ಇದು ಬೇರೆಯದಕ್ಕೆ ತಾಗಿಲ್ಲ ಹೌದಲ್ಲ ಎಂದು.